ಎರಡು ಎಮ್ಮೆಗಳೂ ಮೇಷ್ಟ್ರ ಸೆಟ್ಟೂ

ಸೊಸೆ ಎರಡನೆಯ ಮದುವೆ ಮಾಡಿಕೊಂಡಾಗ ಹೊಸ ಗಂಡನ ಜೊತೆ ಮನೆಗೆ ಬಂದದ್ದು ಒಂದು ಸೂಟ್‌ಕೇಸು, ಸ್ಪ್ಯಾನರು ತುಂಬಿದ ಒಂದು ಚೀಲ, ಮತ್ತು ಹಳೆಯ ಬೆಡ್‌ಶೀಟು ಸುತ್ತಿದ ಎರಡು ಕರಿಯ ಪೆಟ್ಟಿಗೆಗಳು. ಸೂಟ್‌ಕೇಸು ಮಂಚದ ಕೆಳಗೆ ಸೇರಿತು. ಚೀಲ ಬಾಗಿಲ ಹಿಂದಿನ ಮೊಳೆಗೆ ಹತ್ತಿತು. ಪೆಟ್ಟಿಗೆಗಳಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಇಕ್ಕಟ್ಟಾದ ದಾರಿಯಲ್ಲಿ, ಗೋಡೆಗೆ ಒತ್ತಿಕೊಂಡು, ಒಂದರ ಪಕ್ಕ ಒಂದು ಕೂತವು. ಆ ದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವವಳು ಅಜ್ಜಿ. ಮೊದಲ ವಾರ ಮುಗಿಯುವುದರೊಳಗೆ ಅವಳ ಹೆಬ್ಬೆರಳು ಪೆಟ್ಟಿಗೆಗೆ ಬಡಿದು ಊದಿಕೊಂಡಿತು.

“ಕೊಟ್ಟಿಗೆ ಇಲ್ಲದ ಮನೇಲಿ ಎರಡು ಎಮ್ಮೆ ತಂದು ಕಟ್ಟಿದಾರೆ,” ಎಂದಳು ಅಜ್ಜಿ, ಬೆರಳು ನೀವಿಕೊಳ್ಳುತ್ತ. ಹೇಳಿದ್ದು ಸೊಸೆಗೆ, ಕೇಳಿಸಬೇಕಾಗಿದ್ದು ಹೊಸಬನಿಗೆ. ಅಂದಿನಿಂದ ಪೆಟ್ಟಿಗೆಗಳಿಗೆ ಎಮ್ಮೆ ಎಂಬ ಹೆಸರೇ ನಿಂತುಹೋಯಿತು. ಹೊಸಬನೂ ಹಾಗೆಯೇ ಕರೆಯತೊಡಗಿದ.

ಅಜ್ಜಿ ಇವನ ತಾಯಿಯೂ ಅಲ್ಲ, ಸೊಸೆಯ ತಾಯಿಯೂ ಅಲ್ಲ. ತೀರಿಕೊಂಡ ಮೊದಲ ಗಂಡನ ತಾಯಿ. ಆ ಮಗ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಒಂದು ದಿನ ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಮೇಲೆ ಅತ್ತೆ, ಸೊಸೆ, ಮೊಮ್ಮಗಳು ಮೂವರೇ ಆ ಮನೆಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದರು. ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮೊಮ್ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಅಜ್ಜಿಗೆ ಅವರಿಬ್ಬರನ್ನೂ ಹೊತ್ತಿಗೆ ಸರಿಯಾಗಿ ಉಣಿಸಿ ಕಳಿಸುವ ಕೆಲಸ.

ಔಷಧಿ ಅಂಗಡಿಯಿದ್ದ ಕಟ್ಟಡದ ಲಿಫ್ಟು ತಿಂಗಳಿಗೊಮ್ಮೆ ಕೆಡುತ್ತಿತ್ತು. ಅದನ್ನು ರಿಪೇರಿ ಮಾಡಲು ಬರುತ್ತಿದ್ದ ಮೆಕ್ಯಾನಿಕ್ ಒಂಟಿ ಮನುಷ್ಯ. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮೊದಮೊದಲು ತಲೆನೋವಿನ ಮಾತ್ರೆಗೆಂದು ಬರುತ್ತಿದ್ದ. ತಲೆನೋವು ವಾಸಿಯಾದ ಮೇಲೂ ಬರುತ್ತಿದ್ದ. ವಿಷಯವನ್ನು ಸೊಸೆ ಅತ್ತೆಯ ಮುಂದೆ ಇಟ್ಟಾಗ ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, ಒಳ್ಳೆಯದು, ಒಂದೇ ಎತ್ತಿನಿಂದ ಗಾಡಿ ಸಾಗುವುದಿಲ್ಲ ಎಂದಿದ್ದಳು. ನೋಂದಣಿ ಕಚೇರಿಯಲ್ಲಿ ಸಾಕ್ಷಿ ಹಾಕಿದ್ದೂ ಅವಳೇ. ಆದರೆ ಒಪ್ಪಿಗೆ ಕೊಡುವುದು ಒಂದು ದಿನದ ಕೆಲಸ. ಒಂದೇ ಸೂರಿನಡಿ ಬದುಕುವುದು ದಿನಾ ಮಾಡಬೇಕಾದ ಕೆಲಸ.

ಮೆಕ್ಯಾನಿಕ್ ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಎಲ್ಲರಿಗಿಂತ ಮೊದಲು ಎದ್ದು ಟೀ ಕಾಸುತ್ತಿದ್ದ. ಉಂಡ ತಟ್ಟೆ ತಾನೇ ತೊಳೆಯುತ್ತಿದ್ದ. ಕೈ ಒದ್ದೆಯಾಗಿರುವಾಗಲೇ ಎಲ್ಲರ ತಟ್ಟೆಯನ್ನೂ ತೊಳೆದುಬಿಡುತ್ತಿದ್ದ. ಸೌಟು ಇಡುವ ಜಾಗದಲ್ಲಿ ಜರಡಿ, ಜರಡಿಯ ಜಾಗದಲ್ಲಿ ಲಟ್ಟಣಿಗೆ ಇಡುತ್ತಿದ್ದ. ಅಜ್ಜಿ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಬೇರೆ ಯಾರದೋ ಮನೆಗೆ ಬಂದಂತಾಗುತ್ತಿತ್ತು. ಊಟಕ್ಕೆ ಕೂತರೆ ಸಂಕೋಚದಲ್ಲಿ ಅರ್ಧ ಹೊಟ್ಟೆ ಉಂಡು ಸಾಕು ಅನ್ನುತ್ತಿದ್ದ. ಅದು ಅಜ್ಜಿಯ ಕಣ್ಣು ತಪ್ಪುತ್ತಿರಲಿಲ್ಲ.

“ಅವರಿಗೆ ಇನ್ನೊಂದು ಸೌಟು ಹಾಕೇ. ಲಿಫ್ಟ್ ಎಳೆಯೋವ್ರು ಗುಬ್ಬಿ ಹಾಗೆ ತಿಂದ್ರೆ ಹೇಗೆ,” ಎಂದು ಸೊಸೆಗೆ ಹೇಳುವಳು.

“ಲಿಫ್ಟ್ ನಾನು ಎಳೆಯಲ್ಲಮ್ಮ, ಮೋಟಾರ್ ಎಳೆಯುತ್ತೆ,” ಎಂದು ಅವನು ಮೆಲ್ಲಗೆ ಹೇಳುವನು. ಅಜ್ಜಿ ಆಗ ಕಿವಿ ಕೇಳದವಳಂತೆ ನೀರು ಕುಡಿಯುವಳು.

ಹಜಾರದ ಮರದ ಸ್ಟ್ಯಾಂಡಿನ ಮೇಲೆ ಮೇಷ್ಟ್ರ ಸೆಟ್ಟು ಇತ್ತು. ರೇಡಿಯೋ ಮತ್ತು ಆಂಪ್ಲಿಫೈಯರು ಒಂದರಲ್ಲೇ ಸೇರಿದ ಹಳೆಯ ರಿಸೀವರು; ಬೆಳ್ಳಿಯ ಬಣ್ಣದ ಮುಖ, ಎರಡೂ ಪಕ್ಕಕ್ಕೆ ಮರದ ಹಲಗೆ, ಬೆರಳಿಗೆ ತಣ್ಣಗೆ ಹತ್ತುವ ದಪ್ಪ ಗುಂಡಿಗಳು. ಅದರ ಮೇಲೆ ಗ್ರಾಮಾಫೋನ್ ತಟ್ಟೆ ತಿರುಗುವ ಪ್ಲೇಯರು, ಅಕ್ಕಪಕ್ಕ ಎರಡು ಸಣ್ಣ ಸ್ಪೀಕರು. ಮೇಷ್ಟ್ರು ಸಂಜೆ ಶಾಲೆಯಿಂದ ಬಂದವರೇ ಚಪ್ಪಲಿ ಬಿಡುವುದಕ್ಕೂ ಮೊದಲು ಅದನ್ನು ಹಚ್ಚುತ್ತಿದ್ದರು. ಅವರು ಹೋದ ಮೇಲೆ ಯಾರೂ ಹಚ್ಚಿರಲಿಲ್ಲ. ಮೊಮ್ಮಗಳು ಭಾನುವಾರ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ತಂದು ಧೂಳು ಒರೆಸುತ್ತಿದ್ದಳು, ಅಷ್ಟೇ.

ಮೆಕ್ಯಾನಿಕ್ ಅದನ್ನು ಮೊದಲ ಸಲ ನೋಡಿದಾಗ ಗಾಜಿನ ಅಂಗಡಿಗೆ ಬಂದ ಮಗುವಿನ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡ. ಅವನ ಎಮ್ಮೆಗಳೂ ಇದೇ ಜಾತಿಯವು. ಸಬ್‌ವೂಫರುಗಳು, ಹಾಡಿನ ತಳದಲ್ಲಿರುವ ದಪ್ಪ ಸ್ವರಗಳನ್ನಷ್ಟೇ ನುಡಿಸುವಂಥವು. ಅವುಗಳೊಳಗೇ ಆಂಪ್ಲಿಫೈಯರು ಇತ್ತು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ತಮ್ಮ ಶಕ್ತಿ ತಾವೇ ನೋಡಿಕೊಳ್ಳುತ್ತಿದ್ದವು. ಮುಚ್ಚಿಹೋದ ಒಂದು ಸಭಾಂಗಣದಿಂದ ಅವನು ಆಸೆಪಟ್ಟು ತಂದಿದ್ದ. ಆದರೆ ಅವನಿದ್ದ ಬಾಡಿಗೆ ಕೋಣೆಯಲ್ಲಿ ಒಮ್ಮೆ ಗುಂ ಎಂದರೆ ಸಾಕು, ಮೇಲಿನವರು, ಕೆಳಗಿನವರು, ಪಕ್ಕದವರು ಒಟ್ಟಿಗೆ ಬಾಗಿಲು ಬಡಿಯುತ್ತಿದ್ದರು. ಹೀಗಾಗಿ ಎಮ್ಮೆಗಳು ಇದುವರೆಗೆ ಬಾಯಿಬಿಟ್ಟು ಕೂಗಿದ್ದೇ ಇಲ್ಲ.

ಎರಡನ್ನೂ ಮೇಷ್ಟ್ರ ಸೆಟ್ಟಿಗೆ ಸೇರಿಸೋಣ ಎಂಬ ಮಾತು ತೆಗೆದವಳು ಸೊಸೆಯೇ. ದಾರಿಯೂ ಬಿಡುವಾಗುತ್ತದೆ, ಸೆಟ್ಟೂ ನುಡಿಯುತ್ತದೆ ಎಂದಳು. ಮೆಕ್ಯಾನಿಕ್ ಒಪ್ಪಲಿಲ್ಲ. ಅದು ಅವರ ವಸ್ತು, ನಾನು ಕೈ ಹಾಕುವುದು ಚೆನ್ನಾಗಿರುವುದಿಲ್ಲ, ಬೇಕಾದರೆ ಎಮ್ಮೆಗಳನ್ನೇ ಮಾರಿಬಿಡುತ್ತೇನೆ ಎಂದ. ಮೊಮ್ಮಗಳಿಗೆ ಅದೇ ಸರಿ ಅನ್ನಿಸಿತು.

ಹೀಗಿರುವಾಗ ಒಂದು ದಿನ ನಾದಿನಿ ಬಂದಳು. ಅಜ್ಜಿಯ ಮಗಳು, ಮೇಷ್ಟ್ರ ತಂಗಿ. ಊರಿನ ಆ ತುದಿಯಲ್ಲಿ ಅವಳ ಮನೆ. ತಮ್ಮ ತೋಟದ ನಿಂಬೆಹಣ್ಣು ತಂದಿದ್ದಳು, ಜೊತೆಗೆ ಒಂದು ಮಾತನ್ನೂ. ಮೆಕ್ಯಾನಿಕ್ ಕೆಲಸಕ್ಕೆ ಹೋಗಿದ್ದ. ಸೊಸೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಾಗ ಮಾತು ಕಿವಿಗೆ ಬಿತ್ತು. ಅಣ್ಣನ ಮನೆಯಲ್ಲಿ ಈಗ ಯಾರೋ ಬಂದು ಟೀ ಕಾಸುತ್ತಾರೆ, ನೀನು ಇಲ್ಲಿ ಯಾವ ಲೆಕ್ಕದಲ್ಲಿ ಇದ್ದೀಯ, ಅವರಿಗೂ ಮುಜುಗರ ನಿನಗೂ ಮುಜುಗರ, ನನ್ನ ಜೊತೆ ಬಂದುಬಿಡು ಎನ್ನುತ್ತಿದ್ದಳು ನಾದಿನಿ. ಅಜ್ಜಿ ಕೂಡಲೇ ಬೈದು ಬಾಯಿ ಮುಚ್ಚಿಸುತ್ತಾಳೆ ಎಂದು ಸೊಸೆ ಕಾದಳು.

“ನೋಡೋಣ,” ಎಂದಳು ಅಜ್ಜಿ.

ಆ ಒಂದು ಮಾತು ಸೊಸೆಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅತ್ತೆಯನ್ನು ಕೇಳಲು ಧೈರ್ಯ ಬರಲಿಲ್ಲ. ಅದರ ಬದಲು ಸಣ್ಣಪುಟ್ಟದಕ್ಕೆಲ್ಲ ಸಿಡುಕಿದಳು. ಗಂಡ ಜರಡಿ ತಪ್ಪು ಜಾಗದಲ್ಲಿಟ್ಟರೆ ಸಿಡುಕಿದಳು, ಮಗಳು ಒದ್ದೆ ಟವೆಲು ಕುರ್ಚಿಯ ಮೇಲೆ ಎಸೆದರೆ ಸಿಡುಕಿದಳು. ಅಜ್ಜಿ ಬೀರುವಿನಿಂದ ತನ್ನ ಸೀರೆಗಳನ್ನು ತೆಗೆದು ಬಿಸಿಲಿಗೆ ಹಾಕಿ, ಮಡಿಸಿ, ಮತ್ತೆ ಒಳಗಿಡದೆ ಮಂಚದ ತುದಿಯಲ್ಲಿ ಪೇರಿಸಿದಳು. ಮನೆಯಲ್ಲಿ ಎಲ್ಲರೂ ಅದನ್ನು ನೋಡಿದರು, ಯಾರೂ ಕೇಳಲಿಲ್ಲ.

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಅನ್ನ, ಬೇಳೆ, ಹುರಿದ ಮೊಟ್ಟೆ. ನೀರಿನ ಜಗ್ಗು ತರಲು ಎದ್ದ ಮೊಮ್ಮಗಳು ದಾರಿಯಲ್ಲಿ ಪೆಟ್ಟಿಗೆಗೆ ಎಡವಿ ಅರ್ಧ ನೀರು ಚೆಲ್ಲಿದಳು. ಇದನ್ನು ಯಾವತ್ತು ಮಾರುತ್ತೀರಿ ಅಂಕಲ್ ಎಂದು ಕೇಳಿದಳು. ನಾಳೆಯೇ ಒಬ್ಬರು ನೋಡಲು ಬರುತ್ತಾರೆ ಎಂದ ಮೆಕ್ಯಾನಿಕ್. ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

“ಮಾರೋದಾದ್ರೆ ಸೆಟ್ಟೂ ಮಾರಿ. ಹಚ್ಚದ ಸೆಟ್ಟು, ಕೂಗದ ಎಮ್ಮೆ, ಎರಡೂ ಯಾಕೆ? ಇದು ಮನೆ, ಮ್ಯೂಸಿಯಂ ಅಲ್ಲ.”

“ಅಪ್ಪನ ಸೆಟ್ಟು ಮಾರೋದಕ್ಕೆ ನೀನ್ಯಾರಮ್ಮ?” ಎಂದಳು ಮಗಳು.

“ಈ ಮನೇಲಿ ಯಾರು ಯಾವ ಲೆಕ್ಕ ಅಂತ ನಿಮ್ಮ ಸೋದರತ್ತೇನೂ ಕೇಳಿಹೋದ್ಲು, ಈಗ ನೀನೂ ಕೇಳು.”

ಮೆಕ್ಯಾನಿಕ್ ತಟ್ಟೆ ಎತ್ತಿಕೊಂಡು ಏಳಲು ಹೊರಟ. ಅಜ್ಜಿ ಎಡಗೈ ತೋರಿಸಿ ಕೂರಿಸಿದಳು. ಉಣ್ಣುವಾಗ ಅರ್ಧಕ್ಕೆ ಏಳುವುದು ಅವಳಿಗೆ ಆಗುತ್ತಿರಲಿಲ್ಲ.

“ಆ ಸೆಟ್ಟಿನ ವಿಷಯ ನೀವು ಮೂರು ಜನ ತಿಂಗಳಿಂದ ಮಾತಾಡ್ತಿದೀರಿ. ನನ್ನನ್ನ ಯಾರಾದರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಕೇಳಿದರೆ ಅತ್ತಾಳು ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಮೆಕ್ಯಾನಿಕ್ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಅವಳ ಕಡೆ ತಿರುಗಿದ.

“ನಾನು ಕೇಳ್ತೀನಮ್ಮ. ಮುಟ್ಟಲಾ?”

“ಕೆಟ್ಟುಹೋದ್ರೆ?”

“ರಿಪೇರಿ ಮಾಡಿಸ್ತೀನಿ.”

“ರಿಪೇರಿ ಆಗದಿದ್ರೆ?”

ಅದು ನನಗೆ ಗೊತ್ತಿಲ್ಲಮ್ಮ ಎಂದು ಅವನು ಒಪ್ಪಿಕೊಂಡ. ಅಜ್ಜಿಗೆ ಆ ಉತ್ತರವೇ ಹಿಡಿಸಿದಂತೆ ಕಂಡಿತು. ಅವಳು ಮಜ್ಜಿಗೆಗೆ ಕೈ ಚಾಚುತ್ತ, ಹಾಗಾದರೆ ಬೇಗ ಮಾಡಿ, ಮುಂದಿನ ಭಾನುವಾರ ಮಗಳು ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾಳೆ, ಹೋಗುವುದರೊಳಗೆ ಒಂದು ಸಲ ಕೇಳಿ ಹೋಗುತ್ತೇನೆ ಎಂದಳು.

ಮರುದಿನ ಮೆಕ್ಯಾನಿಕ್ ಕೊಳ್ಳುವವರಿಗೆ ಬರಬೇಡಿ ಎಂದು ಹೇಳಿ, ಸಂಜೆ ಕೆಲಸದಿಂದ ಬರುತ್ತಲೇ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಿಕೊಂಡು, ವೈರು ತಂದು, ಸೆಟ್ಟನ್ನು ಗೋಡೆಯಿಂದ ಮುಂದಕ್ಕೆ ಎಳೆದ. ಹೊಸ ಕಾಲದ ಸೆಟ್ಟುಗಳಲ್ಲಿ ಸಬ್‌ವೂಫರಿಗೆಂದೇ ಒಂದು ತೂತು ಇರುತ್ತದೆ. ಇದು ಹಳೆಯದು, ಇದರಲ್ಲಿ ಅಂಥದ್ದಿಲ್ಲ. ಹಿಂಬದಿಯಲ್ಲಿ, ಬಾಗಿಸಿದ ಮೊಳೆಯ ಆಕಾರದ ಎರಡು ಲೋಹದ ಪಿನ್ನುಗಳು ಮೇಲಿನ ತೂತನ್ನೂ ಕೆಳಗಿನ ತೂತನ್ನೂ ಸೇರಿಸಿಕೊಂಡು ಕೂತಿದ್ದವು. ಅಂಗಡಿಯವನು ಆ ಪಿನ್ನು ಕಿತ್ತು ಅಲ್ಲಿ ವೈರು ಹಾಕಿ ಎಂದಿದ್ದನಂತೆ. ಕಿತ್ತ. ಬಲಗಡೆಯ ಮೇಲಿನ ತೂತಿನಿಂದ ಒಂದು ಎಮ್ಮೆಗೆ, ಎಡಗಡೆಯದರಿಂದ ಇನ್ನೊಂದಕ್ಕೆ ವೈರು ಎಳೆದ. ಎಲ್ಲರೂ ಬಂದು ನಿಂತರು. ಅವನು ಕೈ ಒರೆಸಿಕೊಂಡು ಸ್ವಿಚ್ಚು ಒತ್ತಿದ.

ಸೆಟ್ಟಿನ ಮುಖದ ಮೇಲೆ ಹಳದಿ ಬೆಳಕು ಬಂತು. ಸೊಸೆಯ ಕೈ ತಾನಾಗಿ ಬಾಯಿಗೆ ಹೋಯಿತು. ಆದರೆ ರೇಡಿಯೋದಲ್ಲಿ ಹಾಡುವವರ ದನಿ ಬರಲಿಲ್ಲ. ಸಣ್ಣ ಸ್ಪೀಕರುಗಳು ಸತ್ತಂತೆ ಕೂತಿದ್ದವು. ಕರಿಯ ಪೆಟ್ಟಿಗೆಗಳಿಂದ ಮಾತ್ರ, ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಯಾರೋ ಮಾತಾಡುವಂತೆ, ಗುಂ ಗುಂ ಎಂದು ಕೇಳುತ್ತಿತ್ತು.

“ಎಮ್ಮೆ ಕೂಗ್ತಿದೆ. ಹಾಡೋರು ಎಲ್ಲಿ?” ಎಂದಳು ಅಜ್ಜಿ.

ಮೆಕ್ಯಾನಿಕ್ ಸೆಟ್ಟು ಆರಿಸಿದ. ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡೋಣವೆಂದರೆ ಒಂದು ಪಿನ್ನು ಎಲ್ಲೋ ಉರುಳಿಹೋಗಿತ್ತು. ಸ್ಟ್ಯಾಂಡಿನ ಕೆಳಗೆ, ಚಾಪೆಯ ಕೆಳಗೆ, ಚಪ್ಪಲಿಗಳ ಒಳಗೆ ಹುಡುಕಿದರು. ಸಿಗಲಿಲ್ಲ, ಅದು ಇವತ್ತಿಗೂ ಸಿಕ್ಕಿಲ್ಲ. ಅಪ್ಪನ ಸೆಟ್ಟು ಹಾಳಾಯಿತು ಎಂದು ಮೊಮ್ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆಕ್ಯಾನಿಕ್ ಅಂದು ಊಟ ಬೇಡವೆಂದ. ಅಜ್ಜಿ ತಟ್ಟೆಗೆ ಬಡಿಸಿ ಅವನ ಮುಂದೆ ತಂದಿಟ್ಟಳು; ಅವನು ಉಣ್ಣುವವರೆಗೆ ಅಲ್ಲಿಂದ ಕದಲಲಿಲ್ಲ.

ಸಿಟ್ಟು ಒಂದು ದಿನ ಇತ್ತು. ಎರಡನೆಯ ದಿನ ಮೊಮ್ಮಗಳು ಅಂಗಡಿಯಿಂದ ಗಾಜು ಪರೀಕ್ಷಿಸುವ ಭೂತಗನ್ನಡಿ ತಂದು, ಸೆಟ್ಟಿನ ಬೆನ್ನ ಹಿಂದೆ ಮಂಡಿಯೂರಿ, ಮಾಸಿಹೋದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಮೇಲಿನ ತೂತಿನ ಕೆಳಗೆ ಹೊರಕ್ಕೆ ಎಂದಿತ್ತು, ಕೆಳಗಿನದರಲ್ಲಿ ಒಳಕ್ಕೆ ಎಂದಿತ್ತು. ಆಮೇಲೆ ಹೊಸ ಅಪ್ಪನನ್ನು ಕೂಗಿದಳು.

ಸೆಟ್ಟಿನೊಳಗೆ ಎರಡು ಭಾಗ ಇರಬೇಕು ಅಂಕಲ್, ಎಂದು ಅವಳು ವಿವರಿಸಿದಳು. ಮೊದಲನೆಯದು ದನಿಯನ್ನು ಹಿಡಿದು ಹದ ಮಾಡಿ ಮೇಲಿನ ತೂತಿನಿಂದ ಹೊರಗೆ ಕಳಿಸುತ್ತದೆ. ಎರಡನೆಯದು ಕೆಳಗಿನ ತೂತಿನಿಂದ ಅದನ್ನು ಒಳಗೆ ತೆಗೆದುಕೊಂಡು, ಬಲ ತುಂಬಿ ಸ್ಪೀಕರಿಗೆ ಕೊಡುತ್ತದೆ. ಆ ಪಿನ್ನು ನಡುವಿನ ಸೇತುವೆ. ನೀವು ಸೇತುವೆ ಕಿತ್ತು ನೀರನ್ನೆಲ್ಲ ಎಮ್ಮೆಗಳಿಗೇ ಕುಡಿಸಿದಿರಿ.

ಮೆಕ್ಯಾನಿಕ್ ಹಣೆ ಹೊಡೆದುಕೊಂಡ. ಹಾಗಿದ್ದರೆ ಒಂದು ಕಡೆ ಒಂದೇ ತಲೆ, ಇನ್ನೊಂದು ಕಡೆ ಕವಲೊಡೆದ ಎರಡು ತಲೆಯ ವೈರು ಬೇಕು. ಒಂದು ಕವಲು ಎಮ್ಮೆಗೆ, ಇನ್ನೊಂದು ಕೆಳಗಿನ ತೂತಿಗೆ ವಾಪಸ್ಸು. ಪಿನ್ನಿನ ಕೆಲಸವನ್ನೂ ಅದೇ ಮಾಡುತ್ತದೆ, ಪಿನ್ನು ಸಿಗದಿದ್ದರೂ ಚಿಂತೆಯಿಲ್ಲ. ಇಬ್ಬರೂ ಸ್ಕೂಟರು ಹತ್ತಿ ಹೋದರು. ಸೊಸೆ ಕಿಟಕಿಯಿಂದ ನೋಡಿದಳು; ಮಗಳು ಅವನ ಹಿಂದೆ ಕೂತು ಗಾಡಿ ತಿರುಗುವವರೆಗೂ ಕೈಯಾಡಿಸಿಕೊಂಡು ಅವನಿಗೆ ಏನೋ ಹೇಳುತ್ತಲೇ ಇದ್ದಳು.

ಹೊಸ ವೈರು ಹಾಕಿದಾಗ ಹಾಡುವವರು ಬಂದರು. ಜೊತೆಗೆ ಜೇನುಹುಳು ಹೊಕ್ಕಂತೆ ಒಂದು ಗುಂಯ್ ಸದ್ದೂ ಬಂತು. ಅದು ಮೆಕ್ಯಾನಿಕ್‌ಗೆ ತಿಳಿದ ಕಾಯಿಲೆ. ಒಂದು ಎಮ್ಮೆಯ ಪ್ಲಗ್ಗು ಬೇರೆ ಗೋಡೆಯಲ್ಲಿತ್ತು. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದಾಗ ಸದ್ದು ನಿಂತಿತು. ಆದರೂ ಅವನಿಗೆ ತೃಪ್ತಿಯಾಗಲಿಲ್ಲ. ದಪ್ಪ ಸ್ವರ ಕೋಣೆಯಲ್ಲಿ ಒಂದೇ ಸಮ ಹರಡುವುದಿಲ್ಲ, ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ ಎಂದ. ಜಾಗ ಹುಡುಕಲು ಒಂದು ಉಪಾಯವಿತ್ತು. ಕೇಳುವವರು ಕೂರುವ ಕಡೆ ಪೆಟ್ಟಿಗೆಯನ್ನು ಕೂರಿಸಬೇಕು, ನಾವು ನೆಲದ ಮೇಲೆ ಅಂಬೆಗಾಲಿಟ್ಟು ಕೋಣೆಯೆಲ್ಲ ಸುತ್ತಬೇಕು, ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲೇ ಪೆಟ್ಟಿಗೆಯನ್ನು ಇಡಬೇಕು.

“ಕೇಳೋವ್ರು ಯಾರು?” ಎಂದಳು ಸೊಸೆ.

“ಅಮ್ಮ,” ಎಂದ ಅವನು.

ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಅಜ್ಜಿಯದು. ಎಲ್ಲರಿಗೂ ಬಿಡುವು ಸಿಕ್ಕಿದ್ದು ಭಾನುವಾರ; ಅಂದು ಅವಳ ಚೀಲ ಬಾಗಿಲ ಬಳಿ ಸಿದ್ಧವಾಗಿ ನಿಂತಿತ್ತು. ಏಳಿ ಎಂದು ಹೇಳಲು ಮೆಕ್ಯಾನಿಕ್‌ಗೆ ನಾಲಗೆ ಏಳಲಿಲ್ಲ. ಅಜ್ಜಿ ತಾನೇ ಎದ್ದಳು. ಒಂದು ಎಮ್ಮೆ ಕುರ್ಚಿ ಏರಿತು, ಬೆತ್ತ ಕಿರುಗುಟ್ಟಿತು. ಮೇಷ್ಟ್ರು ಹೆಚ್ಚು ಸಲ ಹಾಕುತ್ತಿದ್ದ ತಟ್ಟೆಯನ್ನು ಸೊಸೆಯೇ ತೆಗೆದು ಪ್ಲೇಯರಿನ ಮೇಲಿಟ್ಟಳು. ಹೆಂಗಸೊಬ್ಬಳು ನಿಧಾನವಾಗಿ ಹಾಡುವ ಹಾಡು, ಆ ಮನೆಯ ಗೋಡೆಗಳಿಗೂ ಬಾಯಿಪಾಠವಾಗಿದ್ದದ್ದು. ಮೆಕ್ಯಾನಿಕ್ ನೆಲಕ್ಕೆ ಕೈಯೂರಿದ. ಅವನ ಹಿಂದೆ ಮೊಮ್ಮಗಳು. ಸೊಸೆ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದಳು. ಸೋಫಾದ ಹತ್ತಿರ ತಿರುಗುವಾಗ ಗಂಡಹೆಂಡಿರ ತಲೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಸೊಸೆಗೆ ನಗು ಬಂತು. ತಡೆದಳು, ಆಗಲಿಲ್ಲ. ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅಜ್ಜಿ ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಮಂಡಿನೋವಿನ ಅಜ್ಜಿ ಅಂಬೆಗಾಲಿಡಲಾರಳು. ಮಣೆಯ ಮೇಲೆ ಕೂತು, ಅದರ ಸಮೇತ ಜರುಗುತ್ತ ಜರುಗುತ್ತ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಬಂದವಳು ನಿಂತುಬಿಟ್ಟಳು. ಇಲ್ಲಿ, ಎಂದು ನೆಲ ತಟ್ಟಿ ತೋರಿಸಿದಳು. ಮೂವರೂ ಅಲ್ಲಿಗೆ ಹರಿದು ಬಂದು ಗೋಡೆಗೆ ಕಿವಿಯಿಟ್ಟರು.

ನಾದಿನಿ ಒಳಗೆ ಬಂದದ್ದು ಆಗ. ತೆರೆದ ಬಾಗಿಲಲ್ಲಿ ನಿಂತು ನೋಡಿದಳು: ಅಮ್ಮನ ಕುರ್ಚಿಯ ಮೇಲೆ ಒಂದು ಕರಿಯ ಪೆಟ್ಟಿಗೆ, ಅಮ್ಮ ಚಪ್ಪಲಿಗಳ ಪಕ್ಕ ನೆಲದಲ್ಲಿ, ಉಳಿದವರು ನಾಲ್ಕು ಕಾಲಿನ ಮೇಲೆ.

“ಕುರ್ಚೀನೂ ಹೋಯ್ತೇನಮ್ಮ?” ಎಂದಳು. ದನಿ ಆಗಲೇ ಅಳುವಿಗೆ ಬಂದಿತ್ತು.

“ಕುರ್ಚಿ ಎಲ್ಲಿಗೆ ಹೋಗುತ್ತೆ, ಎಮ್ಮೆ ಇಳಿಸಿದ್ರೆ ಅಲ್ಲೇ ಇರುತ್ತೆ. ಚಪ್ಪಲಿ ಬಿಟ್ಟು ಬಾ, ಸುಮ್ನೆ ಕೂತ್ಕೋ.”

ಚಪ್ಪಲಿ ಸ್ಟ್ಯಾಂಡು ಹೊರಗೆ ಹೋಯಿತು, ಅಲ್ಲೊಂದು ಎಮ್ಮೆ ಬಂತು. ಇನ್ನೊಂದಕ್ಕೆ ಎದುರುಗೋಡೆಯ ಪುಸ್ತಕದ ಕಪಾಟಿನ ಕೆಳಗೆ ಜಾಗ ಸಿಕ್ಕಿತು. ಅಜ್ಜಿ ತನ್ನ ಕುರ್ಚಿಯಲ್ಲಿ ಕೂತಳು. ನಾದಿನಿ ಮುಖ ದಪ್ಪ ಮಾಡಿಕೊಂಡು ಸೋಫಾದ ತುದಿಯಲ್ಲಿ ಕೂತಳು. ಸೊಸೆ ತಟ್ಟೆಯನ್ನು ಮೊದಲಿನಿಂದ ಹಚ್ಚಿದಳು.

ಹೆಂಗಸು ಹಾಡತೊಡಗಿದಳು. ಅವಳ ದನಿಯ ಅಡಿಯಲ್ಲಿ, ಯಾರೋ ದಪ್ಪ ತಂತಿಯೊಂದನ್ನು ತುಂಬ ನಿಧಾನವಾಗಿ ಮೀಟುತ್ತಿದ್ದರು. ಅವಳು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಎಂದೂ ಅವಳನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ಕೇಳುತ್ತಿತ್ತು. ಹಾಡು ಮುಗಿಯಿತು.

“ಇದು ಮೊದಲೂ ಇತ್ತಾ?” ಎಂದು ಅಜ್ಜಿ ಮೆಕ್ಯಾನಿಕ್‌ನನ್ನೇ ಕೇಳಿದಳು.

“ಇತ್ತಮ್ಮ. ತಟ್ಟೆಯೊಳಗೆ ಮೊದಲಿಂದ್ಲೂ ಇದೆ. ಆ ಸಣ್ಣ ಸ್ಪೀಕರಿಗೆ ಹೇಳೋಕೆ ಆಗ್ತಿರಲಿಲ್ಲ, ಅಷ್ಟೇ.”

ಅಜ್ಜಿ ಸೆಟ್ಟಿನ ಕಡೆ ನೋಡುತ್ತ ಕೂತಳು. “ಇದನ್ನ ಅವನು ಕೇಳ್ಲೇ ಇಲ್ವಲ್ಲ.”

ನಾದಿನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೊಸೆ ಎದ್ದು ಬಂದು ಅತ್ತೆಯ ಕಾಲ ಬಳಿ ನೆಲದಲ್ಲಿ ಕೂತು, ಅವಳ ಮಂಡಿಯ ಮೇಲೆ ತಲೆಯಿಟ್ಟಳು. ಮೆಕ್ಯಾನಿಕ್ ಮೆಲ್ಲಗೆ ಹೊರಗೆ ಹೋಗಲು ತಿರುಗಿದ. ಅಜ್ಜಿ ಅವನನ್ನು ತಡೆದು, ಇನ್ನೊಂದು ಸಲ ಹಾಕಿ ಎಂದಳು. ಸ್ವಲ್ಪ ಜೋರಾಗಿ.

ಮಾತುಗಳೆಲ್ಲ ಹೊರಬಂದದ್ದು ಆಮೇಲೆ, ಅಡುಗೆಮನೆಯಲ್ಲಿ, ಅತ್ತೆ ಸೊಸೆ ಇಬ್ಬರೂ ಈರುಳ್ಳಿ ಹೆಚ್ಚುವಾಗ. ಇಷ್ಟು ವರ್ಷ ಸೆಟ್ಟು ಯಾಕೆ ಹಚ್ಚಲಿಲ್ಲ ಎಂದು ಅತ್ತೆ ಕೇಳಿದಳು. ನಿಮಗೆ ತಡೆಯಲಾಗದು ಅಂದುಕೊಂಡೆ ಎಂದಳು ಸೊಸೆ. ನಿನಗೆ ತಡೆಯಲಾಗದು ಅಂದುಕೊಂಡು ನಾನೂ ಹೇಳಲಿಲ್ಲ ಎಂದಳು ಅತ್ತೆ. ಮತ್ತೆ ಹೊರಟಿರುವುದು ಯಾಕೆ ಎಂಬುದಕ್ಕೂ ಉತ್ತರ ಬಂತು. ನಾನು ಎದುರಿಗಿದ್ದರೆ ನೀನು ಗಂಡನ ಜೊತೆ ಬಾಯಿಬಿಟ್ಟು ನಗುವುದಿಲ್ಲ. ಕಳ್ಳರ ಹಾಗೆ ಪಿಸುಗುಡುತ್ತೀರಿ. ಮುದುಕಿ ಜಾಗ ಬಿಟ್ಟರೆ ಮನೆ ಹಗುರವಾಗುತ್ತದೆ ಅನ್ನಿಸಿತು ಎಂದಳು.

“ನೀವು ಮಾತು ಬಿಟ್ಟಿದ್ರಿ ಅಂತ ನಾವು ಪಿಸುಗುಟ್ತಿದ್ವಿ ಅತ್ತೆ. ಹೋಗ್ಬೇಡಿ.”

ಅಜ್ಜಿ ಸೊಸೆಯ ಕೆನ್ನೆಯನ್ನು ಮುಂಗೈಯಿಂದ ಒರೆಸಿದಳು. ಆದರೆ ಹೊರಡುವುದನ್ನು ಬಿಡಲಿಲ್ಲ. ಮಗಳು ಕರೆಯಲು ಬಂದಿದ್ದಾಳೆ, ಅಣ್ಣನನ್ನು ಕಳೆದುಕೊಂಡವಳು ಅವಳೂ ತಾನೇ, ಬರಿಗೈಯಲ್ಲಿ ಕಳಿಸಬಾರದು. ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು. ಮಂಚದ ಮೇಲೆ ಪೇರಿಸಿದ್ದ ಸೀರೆಗಳಲ್ಲಿ ಹೆಚ್ಚಿನವನ್ನು ಬೀರುವಿಗೆ ವಾಪಸ್ಸಿಟ್ಟು, ಚೀಲ ಹಗುರ ಮಾಡಿಕೊಂಡು ಹೋದಳು.

ಅವಳಿಲ್ಲದ ವಾರಗಳಲ್ಲಿ ಮನೆಯ ಊಟಕ್ಕೆ ಹೊತ್ತು ಗೊತ್ತು ಇರಲಿಲ್ಲ. ಸಂಜೆ ಹಾಡು ಹಚ್ಚಿದರೂ ಮೂವರೂ ಕಿಟಕಿಯ ಕುರ್ಚಿ ಬಿಟ್ಟು ಬೇರೆಲ್ಲೋ ಕೂರುತ್ತಿದ್ದರು. ಆ ಕುರ್ಚಿ ಬಿಟ್ಟು ಬೇರೆಲ್ಲೂ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ. ನಾದಿನಿ ಅಮ್ಮನನ್ನು ಚೆನ್ನಾಗಿ ನೋಡಿಕೊಂಡಳು, ಕಾಲಿಗೆ ಎಣ್ಣೆ ಹಚ್ಚಿದಳು, ಬೇಕುಬೇಕಾದ್ದು ಮಾಡಿಹಾಕಿದಳು. ಕೊನೆಗೊಂದು ಬೆಳಿಗ್ಗೆ ತಾನೇ ಫೋನು ಮಾಡಿ, ಅಮ್ಮ ನಮ್ಮ ಟಿವಿಯ ದನಿ ತೆಳ್ಳಗಿದೆ ಎಂದು ದಿನಾ ಬೈಯುತ್ತಾಳೆ ಅತ್ತಿಗೆ, ಬಂದು ಕರೆದುಕೊಂಡು ಹೋಗಿ ಎಂದಳು. ಹೇಳುವಾಗ ನಗುತ್ತಿದ್ದಳು.

ಸೊಸೆಗೂ ಮೊಮ್ಮಗಳಿಗೂ ರಜೆ ಸಿಗಲಿಲ್ಲ. ಮೆಕ್ಯಾನಿಕ್ ಒಬ್ಬನೇ ಹೋದ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದ. ನಾದಿನಿ ಟೀ ಕೊಟ್ಟಳು, ಒಂದು ಚೀಲ ನಿಂಬೆಹಣ್ಣನ್ನು ಅವನ ಕೈಗೇ ಕೊಟ್ಟಳು. ಅವನು ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಹಣ್ಣಿನ ಚೀಲ ಹಿಡಿದು ಗೇಟಿನ ಹೊರಗೆ ಬಂದ. ಅಜ್ಜಿ ಅವನ ಮೊಣಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಹಾಕುತ್ತಿದ್ದವಳು ಪೈಪು ಬದಿಗೆ ಹಿಡಿದು, ಹೊರಟಿರಾ, ಇವರು ಯಾರು ಎಂದು ವಿಚಾರಿಸಿದಳು.

“ಇವರಾ? ನಮ್ಮನೆಯವರು,” ಎಂದಳು ಅಜ್ಜಿ.

ಪಕ್ಕದ ಮನೆಯಾಕೆ ಅಜ್ಜಿಯ ನರೆತ ತಲೆಯನ್ನು ನೋಡಿದಳು, ಮೆಕ್ಯಾನಿಕ್‌ನ ಇಸ್ತ್ರಿ ಶರ್ಟನ್ನು ನೋಡಿದಳು. ಪೈಪಿನ ನೀರು ಅವಳ ಕಾಲ ಮೇಲೆಯೇ ಸುರಿಯುತ್ತಿತ್ತು. ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದ. ತಿರುವು ದಾಟಿದ ಮೇಲೆ ಉಸಿರು ಬಿಟ್ಟ.

“ಅಮ್ಮ, ನೀವು ಹಾಗಂದದ್ದಕ್ಕೆ ಅವರು ಏನೋ ಅಂದ್ಕೊಂಡ್ರು.”

ಅಜ್ಜಿಗೆ ಆಗ ಹೊಳೆಯಿತು. ರಸ್ತೆಯ ನಡುವೆ ನಿಂತು, ಅವನ ತೋಳು ಬಿಡದೆ, ಬೊಚ್ಚುಬಾಯಿ ತೆರೆದು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು “ಅಂದ್ಕೊಳ್ಳಲಿ ಬಿಡಿ,” ಎಂದಳು. “ನಡೀರಿ, ಬಸ್ಸು ತಪ್ಪುತ್ತೆ.”